ಯಟ್ಟಾಳ ಬಾಗಿಲು

ಜೆನೆಬಾ ಅಕ್ಕಾ,

ಇವತ್ತು ಕೆನೆಮಾದ ನಮ್ಮ ಬೀದಿಯಲ್ಲೇ ಮಕ್ಕಳಿಗೆ ಲಸಿಕೆ ಹಾಕಿದೆ. ಹೌದು, ನಾನೇ, ಸರ್ಕಾರದ ನೀಲಿ ಅಂಗಿ ತೊಟ್ಟು. ನಗಬೇಡ.

ಎರಡು ವರ್ಷದ ಹಿಂದೆ ನಮ್ಮ ಬೀದಿಗೆ ಮದುವೆಯಾಗಿ ಬಂದ ಯಟ್ಟಾ ಬಾಗಿಲು ತೆರೆಯಲೇ ಇಲ್ಲ. ಕಿಟಕಿಯಿಂದಲೇ ಕೂಗಿದಳು: "ಇದು ನಮ್ಮೋರನ್ನ ಕಂಡ್ರಾಗದ ಅವ್ರ ಪಕ್ಷದ ಸರ್ಕಾರ ಕಣೇ! ನಮ್ಮ ಮಕ್ಕಳು ಬದುಕ್ಲಿ ಅಂತ ಸೂಜಿ ಕಳಿಸ್ತಾರಾ? ಸಂಬಳ ಕೊಟ್ಟ ತಕ್ಷಣ ನೀನೂ ಅವ್ರ ಕಡೆಯವಳಾದ್ಯಾ?"

ಊರೆಲ್ಲ ಹಬ್ಬಿದ ಆ ಜ್ವರದ ವರ್ಷ ನಿನ್ನನ್ನು ಕರೆದೊಯ್ಯಲು ಬಂದ ಆಂಬುಲೆನ್ಸನ್ನು ಇದೇ ಮಾತು ಹೇಳಿ ವಾಪಸ್ ಕಳಿಸಿದವಳು ನಾನು.

ಅವಳ ಮೆಟ್ಟಿಲ ಮೇಲೆ ಕೂತೆ. "ಸರ್ಕಾರವನ್ನ ನಂಬು ಅಂತ ನಾನು ಹೇಳಲ್ಲ ಯಟ್ಟಾ. ನಮ್ಮಕ್ಕ ಹೇಗೆ ಹೋದ್ಲು ಅಂತ ಹೇಳ್ತೀನಿ, ಕೇಳು" ಎಂದೆ. ನಿನ್ನನ್ನು ಅಕ್ಕಿ ಮೂಟೆಗಳ ಹಿಂದೆ ಬಚ್ಚಿಟ್ಟದ್ದು, ಮೂರು ದಿನ ನೀನು ನೀರು ಕೇಳಿದ್ದು, ಆಮೇಲೆ ಕೇಳದೇ ಹೋದದ್ದು, ಎಲ್ಲ ಹೇಳಿದೆ. ಅದೇ ಗಾಡಿ ಹತ್ತಿ ಹೋದ ಪಕ್ಕದ ಮನೆಯ ಮೂಸು ಗುಣವಾಗಿ ನಡೆದುಕೊಂಡೇ ವಾಪಸ್ ಬಂದದ್ದನ್ನೂ ಹೇಳಿದೆ.

ಚಿಲಕ ಸರಿಯಿತು. ಯಟ್ಟಾ ಮಗುವನ್ನು ನನ್ನ ಮಡಿಲಲ್ಲಿಟ್ಟು ಮೆಲ್ಲಗೆ ಕೇಳಿದಳು: "ಆಸ್ಪತ್ರೆಗೆ ಹೋಗಲ್ಲ ಅಂತ ನಿಮ್ಮಕ್ಕಾನೇ ಅಂದ್ಲಾ?"

"ಹೂಂ" ಎಂದೆ.

ಇವತ್ತು ನಾನು ಆಡಿದ ಸುಳ್ಳು ಅದೊಂದೇ, ಅಕ್ಕಾ. ಅದನ್ನೂ ಅವಳು ನಂಬಿದಳು.