ನಲವತ್ತೊಂದನೇ ಪ್ರಶ್ನೆ

ಐದನೇ ತಾರೀಖು, ಸೋಮವಾರ

ಪ್ರೀತಿಯ ಅಕ್ಕ,

ಇದನ್ನು ಬರೆಯದೇ ಇದ್ದುಬಿಡೋಣ ಅಂತಲೇ ಇದ್ದೆ. ಆದರೆ ನಿನ್ನ ಮಗಳು ಕುಳ್ಳಿಗೆ ನಿಜ ಬರೆ ಎಂದವಳು ನಾನೇ.

ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದವರನ್ನು ಜರಡಿ ಹಿಡಿಯುವುದು ನನ್ನ ಹದಿನೇಳು ವರ್ಷದ ಕೆಲಸ. ನಿನ್ನ ಮಗಳ ಅರ್ಜಿ ಬಂದ ದಿನವೇ ಸಂಬಂಧ ತಿಳಿಸಿ ಆ ಕಡತದಿಂದ ದೂರ ಸರಿದೆ. ಓಟ, ಲಿಖಿತ ಪರೀಕ್ಷೆ ಎಲ್ಲ ಅವಳೇ ದಾಟಿದಳು. ಎತ್ತರದಲ್ಲಿ ಅರ್ಧ ಬೆರಳು ಹೆಚ್ಚೇ ಬಂತಂತೆ. ಇನ್ನು ಮೇಲೆ ಕುಳ್ಳಿ ಅಂದರೆ ನೋಡು ಚಿಕ್ಕಮ್ಮ ಎಂದು ಫೋನಿನಲ್ಲೇ ಜಗಳ ತೆಗೆದಳು.

ಆಮೇಲೆ ಮನೆಯಲ್ಲಿ ತುಂಬಿ ಕೊಡುವ ಹಿನ್ನೆಲೆಯ ನಮೂನೆ. ನಲವತ್ತೊಂದನೇ ಪ್ರಶ್ನೆ: ಯಾರ ಮೇಲಾದರೂ ಕೈ ಮಾಡಿದ್ದೀರಾ, ಯಾಕೆ? ಏನು ಬರೆಯಲಿ ಎಂದು ಕೇಳಿದಳು. ದೂರ ಸರಿದವಳು ಬಾಯಿ ಬಿಡಬಾರದಿತ್ತು. ಎಲ್ಲರಿಗೂ ಹೇಳುವುದನ್ನೇ ಹೇಳಿಬಿಟ್ಟೆ. ಎಲ್ಲದಕ್ಕೂ ಇಲ್ಲ ಎಂದು ಬರೆಯುವವರನ್ನು ಗಾಜಿನ ಬೀರುವಿನಲ್ಲಿ ಇಡಬೇಕು, ಠಾಣೆಯಲ್ಲಲ್ಲ ಎನ್ನುತ್ತಾರೆ ನಮ್ಮ ಸಾಹೇಬರು.

ಅವಳು ಬರೆದಳು: ಹದಿನಾರು ವರ್ಷದವಳಿದ್ದಾಗ ಅಪ್ಪ ಅಮ್ಮನಿಗೆ ಹೊಡೆಯುತ್ತಿದ್ದರು, ನಾನು ತಳ್ಳಿದೆ, ಅವರ ಮಣಿಕಟ್ಟು ಮುರಿಯಿತು.

ಮುಂದಿನ ಸೋಮವಾರ ಹಿನ್ನೆಲೆ ವಿಚಾರಿಸುವ ಅಧಿಕಾರಿ ನಿನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳುತ್ತಾರೆ. ಅಮ್ಮನನ್ನು ಕಾಪಾಡಲು ತಳ್ಳಿದ್ದಕ್ಕೆ ನಾವು ಯಾರನ್ನೂ ಕೈಬಿಡುವುದಿಲ್ಲ. ಸುಳ್ಳು ಬರೆದರೆ ಕೈಬಿಡುತ್ತೇವೆ. ಭಾವ ಬಚ್ಚಲಲ್ಲಿ ಜಾರಿದರು ಎಂಬ ಕಥೆಯನ್ನೇ ನೀನು ಹೇಳಿದರೆ, ಕಡತದಲ್ಲಿ ಸುಳ್ಳುಗಾರ್ತಿ ಆಗುವವಳು ನಿನ್ನ ಮಗಳು.

ಆ ಕಥೆಯಲ್ಲಿ ಸೋಪಿನ ಬಣ್ಣ ಕೂಡ ಬರುತ್ತದೆ ಅಕ್ಕ. ನಾನು ಕಂಡ ಹಾಗೆ, ನಿಜ ಹೇಳುವವರಿಗೆ ಅಷ್ಟೆಲ್ಲ ನೆನಪಿರುವುದಿಲ್ಲ. ಆದರೂ ಆರು ವರ್ಷ ತಲೆಯಾಡಿಸಿದೆ. ಕಂಡವರ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವವಳು ನಿನ್ನನ್ನು ಒಂದು ಮಾತು ಕೇಳಲಿಲ್ಲ. ನೀನು ಮುಚ್ಚಿಟ್ಟೆಯೋ, ನಾನು ಮುಚ್ಚಿಡಲು ಬಿಟ್ಟೆನೋ, ಗೊತ್ತಾಗುತ್ತಿಲ್ಲ.

ಫೋನ್ ಮಾಡಿಬಿಡಲೇ ಎಂದು ಇವತ್ತು ಮೂರು ಸಲ ಎದ್ದೆ. ಹೇಳಿಕೊಟ್ಟ ಉತ್ತರ ನಮ್ಮವರಿಗೆ ಗೊತ್ತಾಗಿಬಿಡುತ್ತದೆ. ಕುಳಿತೆ.

ಇಲ್ಲಿ ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ನೀನು ಸೋಮವಾರ ಏನೇ ಹೇಳಿದರೂ ಅದು ನಿನ್ನದು.

ನಿನ್ನ ತಂಗಿ

ತಾ.ಕ.: ಅದೇ ಅಧಿಕಾರಿ ನಿನ್ನೆ ಫೋನ್ ಮಾಡಿ, ಇವತ್ತು ನನ್ನನ್ನೂ ಕರೆಸಿದ್ದರು. ಬಚ್ಚಲ ಕಥೆಯನ್ನೂ ಕುಳ್ಳಿ ಅವರಿಗೆ ಹೇಳಿದ್ದಳಂತೆ; ಅದನ್ನು ನಂಬಿದ್ದಿರಾ ಎಂದರು. ಒಂದು ದಿನವೂ ನಂಬಲಿಲ್ಲ, ಆದರೂ ಅಕ್ಕನನ್ನು ಕೇಳಲಿಲ್ಲ ಎಂದೆ. ಬರೆದುಕೊಂಡು ಸಹಿ ಹಾಕಿಸಿಕೊಂಡರು. ಅವರು ನಿನ್ನಲ್ಲಿಗೆ ಬರುವುದು ಹನ್ನೆರಡನೇ ತಾರೀಖಿಗೆ. ಈ ಪತ್ರವನ್ನು ನಾನು ಅಂಚೆಗೆ ಹಾಕುವುದು ಹದಿಮೂರಕ್ಕೆ.