ಅತಿಥಿ ನಲವತ್ತೊಂದರ ಆರನೇ ಸುತ್ತು

ಕ್ಲಬ್ಬಿನ ಮಹಡಿ ಕೋಣೆ,
ಬುಧವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಕೂತು ಉಣ್ಣುತ್ತೀಯೋ, ಇಲ್ಲ ಈಗಲೂ ನಿಂತುಕೊಂಡೇ ತಟ್ಟೆ ಖಾಲಿ ಮಾಡುವ ಅಭ್ಯಾಸವೋ? ಚಳಿ ಬಂತೆಂದರೆ ನಿನಗೆ ಎಡಗಿವಿ ನೋಯುತ್ತಿತ್ತು, ಅದು ಬಿಟ್ಟುಹೋಯಿತೇ? ಏಳು ವರ್ಷದ ಆರೋಗ್ಯವನ್ನು ಒಂದು ಕಾಗದದಲ್ಲಿ ವಿಚಾರಿಸುವುದು ಹೇಗೆಂದು ನನಗೆ ತಿಳಿಯದು, ಅದಕ್ಕೆ ನೆನಪಿರುವ ಎರಡನ್ನೇ ಕೇಳಿದೆ. ಒಂದು ವೇಳೆ ಈ ಕಾಗದ ನನ್ನ ತಮ್ಮನಲ್ಲದ ಬೇರೆ ಯಾರದೋ ಕೈ ಸೇರಿದ್ದರೆ, ಸ್ವಾಮಿ, ನಿಮ್ಮ ಕಿವಿ ವಿಚಾರಿಸಿದ್ದಕ್ಕೆ ಕ್ಷಮಿಸಿ, ಇಲ್ಲಿಗೇ ಮಡಚಿಡಿ. ಆದರೆ ಅಂಥ ಅನುಮಾನ ನನಗೆ ಉಳಿದಿಲ್ಲ. ವಿಳಾಸ ಎಲ್ಲಿ ಸಿಕ್ಕಿತು ಅಂತ ಹುಬ್ಬೇರಿಸಬೇಡ. ಕೊಟ್ಟವನು ನೀನೇ. ಅದನ್ನೂ ಹೇಳುತ್ತೇನೆ.

ಮೊದಲು ಅಪ್ಪನ ವಿಷಯ. ಒಂಬತ್ತು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತು ಪೂರ್ತಿ ನಿಂತುಹೋಯಿತು. ಎಲ್ಲ ಕೇಳಿಸುತ್ತದೆ, ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಕಳೆದ ತಿಂಗಳಿಂದ ಹೃದಯವೂ ಸೋಲುತ್ತಿದೆ. ಡಾಕ್ಟರು ನನ್ನನ್ನು ಬಾಗಿಲಾಚೆ ಕರೆದು, ಇನ್ನು ತಿಂಗಳ ಮಾತು ಬೇಡ, ವಾರಗಳ ಲೆಕ್ಕದಲ್ಲಿ ಯೋಚನೆ ಮಾಡಿ ಎಂದರು. ನಾನು ಕನ್ನಡಕದ ಅಂಗಡಿಯಲ್ಲಿ ಅರ್ಧ ದಿನ ಮಾತ್ರ ಕೆಲಸ ಇಟ್ಟುಕೊಂಡಿದ್ದೇನೆ. ಮಿಕ್ಕ ಹೊತ್ತು ಅವರ ಜೊತೆ ಈ ಕೋಣೆಯಲ್ಲಿ. ಮನೆಯಲ್ಲಿ ಬಿಟ್ಟರೆ ಗೋಡೆ ನೋಡುತ್ತಾ ಕೂತುಬಿಡುತ್ತಾರೆ, ಆದ್ದರಿಂದ ದಿನಾ ಕೆಳಗಿನ ದರ್ಜಿಯನ್ನು ಕರೆದು ಇಬ್ಬರೂ ಸೇರಿ ಕುರ್ಚಿ ಸಮೇತ ಎತ್ತಿಕೊಂಡು ಬರುತ್ತೇವೆ. ದರ್ಜಿ ಪ್ರತಿ ಮೆಟ್ಟಿಲಿಗೂ ಗೊಣಗುತ್ತಾನೆ, ಆದರೆ ಒಂದು ದಿನವೂ ತಪ್ಪಿಸಿಲ್ಲ.

ನಮ್ಮ ಚದುರಂಗದ ಕ್ಲಬ್ಬು ನೀನು ನೋಡಿದ ಕ್ಲಬ್ಬಾಗಿ ಉಳಿದಿಲ್ಲ. ಹದಿನಾರು ಮೇಜಿನಲ್ಲಿ ಹನ್ನೆರಡರ ಮೇಲೆ ದರ್ಜಿಯ ಬಟ್ಟೆ ಥಾನುಗಳು ಕೂತಿವೆ. ಹಳಬರು ಮೆಟ್ಟಿಲು ಹತ್ತಲಾರರು, ಹೊಸಬರು ಎಲ್ಲವನ್ನೂ ಫೋನಿನಲ್ಲೇ ಆಡುತ್ತಾರೆ. ಹೀಗಿರುವಾಗ ನಾನು ಆನ್‌ಲೈನ್ ಬ್ಲಿಟ್ಜ್ ಸ್ಪರ್ಧೆ ನಡೆಸುತ್ತೇನೆ ಅಂತ ಹೊರಟಾಗ ಎಲ್ಲರೂ ನನಗೆ ತಲೆ ಕೆಟ್ಟಿದೆ ಅಂದುಕೊಂಡರು. ಒಬ್ಬೊಬ್ಬರಿಗೆ ಮೂರು ನಿಮಿಷ, ನಡೆಗೆ ಎರಡು ಸೆಕೆಂಡು ಸೇರ್ಪಡೆ. ಮೂರು ಭಾನುವಾರ ಮೂರು ಅರ್ಹತಾ ಸ್ಪರ್ಧೆ, ಪ್ರತಿಯೊಂದರಿಂದ ಮೊದಲ ಎಂಟು ಜನ, ನಾಲ್ಕನೇ ಭಾನುವಾರ ಇಪ್ಪತ್ನಾಲ್ಕು ಜನರ ಫೈನಲ್. ಬಹುಮಾನಕ್ಕೆ ಹೊಸ ಗಡಿಯಾರ, ಮರದ ಕಾಯಿಗಳ ಪೆಟ್ಟಿಗೆ, ಪುಸ್ತಕ. ಕ್ಲಬ್ಬಿನ ಸದಸ್ಯರೇ ಆದ ನಮ್ಮ ಹಲ್ಲಿನ ಡಾಕ್ಟರು ಮೂರನೇ ಬಹುಮಾನವಾಗಿ ಉಚಿತವಾಗಿ ಹಲ್ಲು ಶುಚಿ ಮಾಡಿಕೊಡುತ್ತೇನೆ ಎಂದರು. ಎಲ್ಲಿಯೋ ಇರುವವನ ಹಲ್ಲನ್ನು ಅಂಚೆಯಲ್ಲಿ ತರಿಸಿಕೊಳ್ಳಬೇಕಾ ಅಂತ ಕೇಳಿದೆ. ಮುಖ ಗಂಟು ಹಾಕಿಕೊಂಡು ಪುಸ್ತಕಗಳಿಗೆ ಒಪ್ಪಿದರು.

ನಿನ್ನ ಹತ್ತಿರ ಮುಚ್ಚಿಡುವುದೇನು? ಈ ಸ್ಪರ್ಧೆ ಮಾಡಿದ್ದು ಕ್ಲಬ್ಬಿಗಾಗಿ ಅಲ್ಲ. ನೀನು ಎಲ್ಲೇ ಇದ್ದರೂ ಆಟ ಬಿಟ್ಟಿರುವುದಿಲ್ಲ ಅಂತ ನನಗೆ ಗೊತ್ತಿತ್ತು. ಈ ಮೆಟ್ಟಿಲು ನೀನು ಹತ್ತುವವನಲ್ಲ, ನಮ್ಮ ಫೋನು ಎತ್ತುವವನೂ ಅಲ್ಲ, ಆದರೆ ಆಟ ಕಂಡರೆ ಒಳಗೆ ಕಾಲಿಡಬಹುದು. ಅದಕ್ಕೇ ಸಿಕ್ಕ ಸಿಕ್ಕ ಕಡೆಯೆಲ್ಲ ಪ್ರಕಟಣೆ ಹಾಕಿದೆ. ನಿಜವಾದ ಹೆಸರು ಹಾಕಬೇಕಾಗಿಲ್ಲ ಅಂತ ನಿಯಮ ಮಾಡಿದೆ. ಹಾಗೆ ಮಾಡಿದರೆ ಮೋಸಗಾರರು ನುಗ್ಗುತ್ತಾರೆ ಅಂತ ಹಲ್ಲಿನ ಡಾಕ್ಟರು ವಾರಗಟ್ಟಲೆ ತಲೆ ತಿಂದರು. ನಾನು ಜಗ್ಗಲಿಲ್ಲ. ನಮೂನೆಯಲ್ಲಿ ಎರಡೇ ಅಂಕಣ ಕಡ್ಡಾಯ: ಹುಟ್ಟಿದ ದಿನ, ಬಹುಮಾನ ಕಳಿಸಬೇಕಾದ ವಿಳಾಸ. ಆ ಎರಡು ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಭಾನುವಾರದ ಪಟ್ಟಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ನೀನಿರಲಿಲ್ಲ. ಎರಡನೆಯದರ ಪಟ್ಟಿಯನ್ನೂ ಹಿಂದಿನ ಸಂಜೆ ನೋಡಿದೆ, ಇಲ್ಲ. ಆದರೆ ಬೆಳಿಗ್ಗೆ ಹತ್ತಕ್ಕೆ ಶುರುವಾಗಬೇಕು, ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಇಪ್ಪತ್ತು ಮೂವತ್ತು ನಮೂನೆ ಒಟ್ಟಿಗೆ ಬಂದು ಬಿದ್ದವು. ಅವನ್ನು ತೆರೆದು ಓದಲು ಪುರುಸೊತ್ತಾಗಲಿಲ್ಲ. ಹೆಸರು ಬರೆಯದವರಿಗೆ ಆಟ ನಡೆಯುವ ತಾಣವೇ ಅತಿಥಿ ಅಂತ ಹೆಸರಿಟ್ಟು ಒಂದು ನಂಬರು ಕೊಡುತ್ತದೆ. ಹಾಗೆ ಬಂದವರಲ್ಲಿ ಅತಿಥಿ ನಲವತ್ತೊಂದು ಒಬ್ಬ.

ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ಅತಿಥಿ ನಲವತ್ತೊಂದು ಐದಕ್ಕೆ ಐದೂ ಗೆದ್ದು ಆರನೇ ಸುತ್ತಿನಲ್ಲಿ ಹಲ್ಲಿನ ಡಾಕ್ಟರಿಗೆ ಎದುರಾದ. ನನ್ನ ಮುಂದೆ ನಲವತ್ತು ಆಟ, ಒಂದು ಕಡೆ ಯಾರದೋ ಇಂಟರ್ನೆಟ್ ಹೋಯಿತು ಅನ್ನುವ ರಗಳೆ, ಇನ್ನೊಂದು ಕಡೆ ಯಾರೋ ನಿಯಮ ಕೇಳುತ್ತಿದ್ದಾರೆ. ಅಷ್ಟರಲ್ಲಿ ಹಲ್ಲಿನ ಡಾಕ್ಟರಿಂದ ದೂರು ಬಂತು. ಈ ಮನುಷ್ಯ ಪ್ರತಿ ನಡೆಗೂ ಅಳೆದ ಹಾಗೆ ಒಂದೇ ಸಮಯ ತಗೋತಾನೆ, ಈಗ ಒಳ್ಳೇ ಕುದುರೇನ ವಾಪಸ್ಸು ಮೂಲೆ ಮನೆಗೆ ಇಟ್ಟಿದಾನೆ, ಇಂಥ ನಡೆ ಮನುಷ್ಯರಿಗೆ ಹೊಳೆಯಲ್ಲ, ಯಂತ್ರ ನೋಡಿಕೊಂಡು ಆಡ್ತಿದಾನೆ, ಅಂತ. ನಾನು ಆ ಆಟವನ್ನು ದೊಡ್ಡದು ಮಾಡಿ ಪರದೆಗೆ ತಂದೆ. ಅಪ್ಪ ಮುಂದಕ್ಕೆ ಬಾಗಿ ನೋಡಿದರು. ನೋಡಿ, ಎಡಗೈಯಿಂದ ಮೇಜಿಗೆ ಎರಡು ಸಲ ಕುಟ್ಟಿದರು.

ಎರಡು ಸಲ ಕುಟ್ಟಿದರೆ ಏನರ್ಥ ಅಂತ ನಮ್ಮ ಕ್ಲಬ್ಬಿನಲ್ಲಿ ಯಾರಿಗೆ ಗೊತ್ತಿಲ್ಲ? ಮೂವತ್ತು ವರ್ಷ ತೀರ್ಪುಗಾರರಾಗಿದ್ದ ಅಪ್ಪ ಒಂದೂ ಮಾತಾಡದೆ ಆಟ ನಿಲ್ಲಿಸುತ್ತಿದ್ದುದು ಹಾಗೇ. ಕುಟ್ಟಿದರೆಂದರೆ ಗಡಿಯಾರ ನಿಲ್ಲಬೇಕು, ತಪ್ಪು ಸಿಕ್ಕಿದೆ ಅಂತಲೇ ಲೆಕ್ಕ. ಅವರ ಕಣ್ಣಿಗೆ ಮೋಸ ಕಂಡಿದೆ ಅಂತ ನಾನು ತಿಳಿದೆ. ಒಂದು ಕ್ಷಣವೂ ಯೋಚಿಸದೆ ಗುಂಡಿ ಒತ್ತಿದೆ. ನಿನಗೆ ಬಂದ ಸಾಲು ನೆನಪಿರುತ್ತದೆ: ನಿಮ್ಮನ್ನು ಸ್ಪರ್ಧೆಯಿಂದ ಕೈಬಿಡಲಾಗಿದೆ, ತೀರ್ಪುಗಾರರ ತೀರ್ಮಾನವೇ ಅಂತಿಮ. ಅದನ್ನು ಬರೆದವಳು ನಾನೇ, ಅಪ್ಪನ ಹಳೇ ನಿಯಮದ ಹಾಳೆಯಿಂದ ಹಾಗೇ ಎತ್ತಿಕೊಂಡಿದ್ದು. ನೀನು ಯಾಕೆ ಅಂತಲೂ ಕೇಳಲಿಲ್ಲ. ಆ ಕ್ಷಣವೇ ಖಾತೆ ಮುಚ್ಚಿ ಹೊರಟುಹೋದೆ.

ಅಪ್ಪ ಮಾತ್ರ ನಿಲ್ಲಿಸಲಿಲ್ಲ. ಮೇಜು ಕುಟ್ಟಿದರು, ಮೌಸಿನ ವೈರು ಹಿಡಿದು ಎಳೆದರು, ಆಮೇಲೆ ಅಳಲು ಶುರುಮಾಡಿದರು. ಲಕ್ವದವರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ ಅಂತ ಅಪ್ಪನನ್ನು ನೋಡುವ ಡಾಕ್ಟರು ಮೊದಲೇ ಹೇಳಿದ್ದರು, ಅದೇ ಇರಬೇಕು ಅಂದುಕೊಂಡೆ. ನೀರು ಕುಡಿಸಿದೆ, ಮಾತ್ರೆ ಕೊಟ್ಟೆ, ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿದೆ. ತಿರುಗಿಸಿದೆ ಅನ್ನುವುದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ತಿಳಿದದ್ದು ನಿನ್ನೆ. ಕೈಬಿಟ್ಟವರ ಆಟಕ್ಕೆ ವರದಿ ಬರೆಯಬೇಕು, ಅದಕ್ಕೆ ಆ ಆಟವನ್ನು ಮರದ ಮಣೆಯ ಮೇಲೆ ಒಂದೊಂದೇ ನಡೆ ಇಟ್ಟು ನೋಡುತ್ತಿದ್ದೆ. ಕುದುರೆಯನ್ನು ಮೂಲೆಗೆ ಇಟ್ಟೆನೋ ಇಲ್ಲವೋ, ಅಪ್ಪ ಎಡಗೈ ಚಾಚಿ ಅದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡರು. ಎಷ್ಟು ಕೇಳಿದರೂ ಕೊಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ನೆನಪಾಯಿತು. ಎಂಟು ವರ್ಷದ ಹುಡುಗ ಪ್ರತಿ ಆಟದಲ್ಲೂ ಕುದುರೆಯನ್ನು ಮೂಲೆಗೆ ಎಳೆದುಕೊಳ್ಳುತ್ತಿದ್ದ, ಅಪ್ಪ ನಗುತ್ತಾ ಗದರುತ್ತಿದ್ದರು, ಲಾಯದಲ್ಲಿ ಕಟ್ಟಿಬಿಟ್ಟೆಯೇನೋ, ಇನ್ನು ಹುಲ್ಲು ಹಾಕೋರು ಯಾರು, ಅಂತ. ಓಡಿಹೋಗಿ ನಮೂನೆ ತೆರೆದೆ. ಹುಟ್ಟಿದ ದಿನ ನಿನ್ನದು, ಅದರ ಕೆಳಗೆ ಈ ವಿಳಾಸ. ಊರಿಗೆಲ್ಲ ಕನ್ನಡಕ ಕೊಡುವವಳು ನಾನು. ಏಳು ವರ್ಷ ಹುಡುಕಿದ್ದು ಮೂಗಿನ ಕೆಳಗೇ ಬಂದಾಗ ಓದಲಿಲ್ಲ. ಅಪ್ಪ ಕುಟ್ಟಿದ್ದು ನಿನ್ನನ್ನು ನಿಲ್ಲಿಸು ಅಂತಲ್ಲ. ನಿನ್ನನ್ನು ಕರೆಯುವುದಕ್ಕೆ ಅವರ ಹತ್ತಿರ ಬೇರೆ ಏನೂ ಉಳಿದಿಲ್ಲ.

ಹಳೆಯದನ್ನು ಕೆದಕುವುದಿಲ್ಲ ಅಂದುಕೊಂಡಿದ್ದೆ, ಆದರೆ ನೀನಂತೂ ಅದನ್ನೇ ನೆನೆಯುತ್ತಿರುತ್ತೀಯ. ಆಯ್ಕೆ ಸ್ಪರ್ಧೆಯ ಕೊನೇ ಸುತ್ತು, ತೀರ್ಪುಗಾರರು ಅಪ್ಪ. ನೀನು ಆನೆ ಮುಟ್ಟಿದೆ ಅಂತ ಎದುರಾಳಿ ಕೈ ಎತ್ತಿದ. ಮುಟ್ಟಿದ ಕಾಯಿ ನಡೆಸಬೇಕು, ಸರಿಯಾಗಿ ಕೂರಿಸುವುದಕ್ಕೆ ಮುಟ್ಟುವುದಾದರೆ ಮೊದಲೇ ಅಡ್ಜಸ್ಟ್ ಅನ್ನಬೇಕು. ಅಂದಿದ್ದೇನೆ ಅಂತ ನೀನು ಹೇಳಿದೆ. ಯಾರೂ ಕೇಳಿಸಿಕೊಂಡಿರಲಿಲ್ಲ ಅಂತಾಯಿತು. ಆನೆ ನಡೆಸಬೇಕಾಯಿತು, ಆಟ ಹೋಯಿತು, ತಂಡದ ಜಾಗವೂ ಹೋಯಿತು. ಮನೆಗೆ ಬಂದು ನೀನು ಕೇಳಿದೆ, ಮಗ ಸುಳ್ಳು ಹೇಳ್ತಾನಾ ಅಪ್ಪಾ, ಅಂತ. ಅಲ್ಲಿ ನೀನು ಮಗ ಅಲ್ಲ, ಆಟಗಾರ, ಅಂದರು. ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ನಿನಗೂ ಅದೇ ಮೂಗು. ಬೆಳಗಾಗುವಷ್ಟರಲ್ಲಿ ನಿನ್ನ ಚೀಲ ಇರಲಿಲ್ಲ. ಆಮೇಲೆ ಅಪ್ಪ ಆ ಮಾತಿಗೆ ಎಷ್ಟು ಕೊರಗಿದರು ಅಂತ ನಾನು ನೋಡಿದ್ದೇನೆ. ತೀರ್ಪು ಸರಿಯಾಗಿತ್ತು, ಮಾತು ತಪ್ಪಾಯ್ತು, ಅಂತ ನನ್ನ ಹತ್ತಿರ ಎಷ್ಟೋ ಸಲ ಹೇಳಿದರು.

ಈಗ ಕೇಳು. ನಿನ್ನನ್ನು ಕೈಬಿಟ್ಟಿದ್ದು ನನ್ನ ತಪ್ಪು ಅಂತ ಆಡಿದ ಎಲ್ಲರಿಗೂ ತಿಳಿಸಿದ್ದೇನೆ. ಆಡಿದ ಐದು ಗೆಲುವೇ ಎಂಟರೊಳಗೆ ಬರಲು ಸಾಕು. ಹಲ್ಲಿನ ಡಾಕ್ಟರಿಗೆ ವಿಷಯ ತಿಳಿಸಿದೆ. ಆ ಕುದುರೆ ನಡೆ ಚೆನ್ನಾಗಿತ್ತು ಅಂದುಬಿಡಿ, ಅಂದರು. ಮೂರನೇ ಅರ್ಹತಾ ಸ್ಪರ್ಧೆ ಈ ಭಾನುವಾರ, ಫೈನಲ್ ಅದರ ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನಿನ್ನ ಜಾಗ ಇದೆ. ಅಲ್ಲಿಂದಲೇ ಆಡುವುದಾದರೆ ಆಡು, ಅಪ್ಪನ ಕುರ್ಚಿಯನ್ನು ನಿನ್ನ ಆಟದ ಮುಂದೆಯೇ ಇಡುತ್ತೇನೆ, ಇನ್ನೊಂದು ಸಲ ತಿರುಗಿಸುವುದಿಲ್ಲ. ಆದರೆ ನನ್ನ ಆಸೆ ಅದಲ್ಲ ಅಂತ ನಿನಗೂ ಗೊತ್ತು. ಭಾನುವಾರದವರೆಗೆ ಕಾಯಬೇಡ. ಬಾ.

ಚಳಿಗೆ ಕಿವಿ ಮುಚ್ಚಿಕೋ. ಎಲ್ಲಿದ್ದರೂ ಚೆನ್ನಾಗಿರು, ನನ್ನ ಆಯಸ್ಸೂ ನಿನಗಿರಲಿ. ದರ್ಜಿ ನಿನ್ನನ್ನು ಕೇಳಿದೆ ಅಂತ ಬರೆಯಲು ಹೇಳಿದ್ದಾನೆ. ಕೆಳಗೆ ಎಡಗಡೆ ಇರುವ ಸೊಟ್ಟ ಗೆರೆ ಅಪ್ಪನದು, ಪೆನ್ನು ಕೊಟ್ಟಾಗ ಅವರೇ ಎಳೆದರು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಡಾಕ್ಟರು ಹೇಳಿದ ವಾರಗಳ ಲೆಕ್ಕದ ಮಾತೊಂದನ್ನು ಬಿಟ್ಟು ಸಹಿಯವರೆಗೂ ಅಪ್ಪನಿಗೆ ಓದಿ ಹೇಳಿದ್ದೇನೆ. ಇದನ್ನು ಈಗ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಅವತ್ತು ನೀನು ಅಡ್ಜಸ್ಟ್ ಅಂದಿದ್ದೆ. ನಾನು ಪಕ್ಕದ ಮೇಜಿನಲ್ಲಿದ್ದೆ, ನನಗೆ ಕೇಳಿಸಿತ್ತು. ಅಪ್ಪ ತೀರ್ಪು ಕೊಡುವ ಮುಂಚೆ ನನ್ನ ಹತ್ತಿರ ಬಂದು, ನೀನು ಕೇಳಿಸಿಕೊಂಡೆಯಾ ಅಂತ ಕೇಳಿದರು. ನಾನು ಇಲ್ಲ ಅಂದೆ. ನೀನು ಸೋತರೆ ತಂಡದ ಕೊನೇ ಜಾಗ ನನ್ನದಾಗುತ್ತಿತ್ತು. ಆಯಿತು, ಹೋದೆ, ಎಲ್ಲ ಆಟ ಸೋತು ಬಂದೆ. ಅಪ್ಪ ನಿನ್ನ ಮಾತು ನಂಬದೆ ಇದ್ದದ್ದಲ್ಲ, ನನ್ನ ಮಾತು ನಂಬಿದ್ದು. ಏಳು ವರ್ಷ ನೀನು ಅವರ ಮೇಲೆ ಇಟ್ಟುಕೊಂಡ ಸಿಟ್ಟು ನನಗೆ ಸೇರಬೇಕಾದದ್ದು. ಇದು ಅವರಿಗೆ ಇನ್ನೂ ಗೊತ್ತಿಲ್ಲ. ಕಾಗದ ಅಂಚೆಯವನ ಕೈಗೆ ಕೊಟ್ಟ ಮೇಲೆ ಒಳಗೆ ಹೋಗಿ ಹೇಳುತ್ತೇನೆ. ಮೊದಲು ಹೇಳಿದರೆ ಅವರ ಮುಖ ನೋಡಿ ಇದನ್ನು ಹರಿದುಹಾಕುತ್ತೇನೆ ಅಂತ ಭಯ. ನೀನು ಬಂದಾಗ ನನ್ನ ಹತ್ತಿರ ಮಾತಾಡದಿದ್ದರೂ ಪರವಾಗಿಲ್ಲ, ನೆಟ್ಟಗೆ ಅವರ ಹತ್ತಿರ ಹೋಗು.