ಅಕ್ಕನ ದನಿ

ಜುಲೈ ೧೪, ಸೋಮವಾರ. ರಾಯಚೂರು.

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಅಕ್ಕನ ಮಗಳು ಸೌಭಾಗ್ಯ, ಪಿಎಚ್.ಡಿ.ಗೆ ಬೇಕಾದ ಪುಸ್ತಕಗಳ ವಿವರ ಕೂಡಿಡುವ ಸಾಫ್ಟ್‌ವೇರಿಗೆ ಆನ್‌ಲೈನ್ ಲೈಬ್ರರಿ ಜೋಡಿಸಲು ಬೆಳಿಗ್ಗೆಯಿಂದ ಒದ್ದಾಡುತ್ತಿದ್ದಳು. ‘ಸರಿ ಬೇ ಈಚಿಗೆ! ಮಾನ್ವಿಯೊಳಗ ಕಂಪ್ಯೂಟರ್ ಅಂಗಡಿ ಇಟ್ಟಾಂವ ನಾನು. ಯಮನ ಲೈಬ್ರರಿನೂ ಜೋಡಸ್ತೀನಿ’ ಎಂದೆ. ಜೋಡಿಸಿಯೂ ಬಿಟ್ಟೆ.

ಪರೀಕ್ಷೆಗೆಂದು, ತೀರಿಹೋದ ಅಕ್ಕ ಬೂದೆಮ್ಮನ ಹೆಸರು ಹೊಡೆದೆ. ಏನೂ ಬರಲಿಲ್ಲ. ಹುಡುಕಾಟ ‘ಲೇಖಕರು’ ಎಂಬುದಕ್ಕಷ್ಟೇ ಸೀಮಿತವಾಗಿತ್ತು. ‘ಎಲ್ಲ ವಿವರ’ ಎಂದು ಬದಲಿಸಿದೆ. ಒಂದೇ ಸಾಲು ಬಂತು: ಸಾವಿನ ಮನೆಯ ಹಾಡು, ಧ್ವನಿಮುದ್ರಣ, ಹಾಡಿದವರು ಬೂದೆಮ್ಮ, ದೇವದುರ್ಗ.

ಅಲ್ಲಿ ಯಾರೇ ಸತ್ತರೂ ಹಾಡಿ ಅಳಲು ಊರೆಲ್ಲ ಕರೆಯುತ್ತಿದ್ದದ್ದು ನಮ್ಮಕ್ಕನನ್ನೇ. ಸೌಭಾಗ್ಯ ಕೂಸಿದ್ದಾಗಲೇ ಅಕ್ಕ ತೀರಿಹೋದಳು. ‘ನಿಮ್ಮವ್ವ ಹಿಂಗ ಹಾಡತಿದ್ಲು’ ಎಂದು ಹಾಡಿ ತೋರಿಸುತ್ತ ಬೆಳೆಸಿದವನು ನಾನು.

‘ನಾಳೆ ಕೇಳಾಕ ಪರವಾನಗಿ ಸಿಗತದ ಮಾಮಾ. ನೀ ಹಾಡಿದಂಗೇ ಇರತದಲ್ಲ?’ ಎಂದಳು.

‘ನನಗಿಂತ ಒಂದೀಟು ಕಡಿಮಿ’ ಎಂದು ನಗಿಸಿದೆ.

ಅವಳು ಮಲಗಿದ ಮೇಲೆ, ಅಕ್ಕ ನನ್ನನ್ನು ‘ಹುಲಗಾ’ ಎಂದು ಕರೆಯುತ್ತಿದ್ದ ದನಿಯನ್ನು ನೆನೆಯಲು ಕೂತೆ. ಎಷ್ಟು ನೆನೆದರೂ ಕರೆಯುವುದು ನನ್ನದೇ ದನಿ. ನಾಳೆ ಆ ಕಂಪ್ಯೂಟರ್ ಪೆಟ್ಟಿಗೆಯೊಳಗಿಂದ ಅವಳು ಹಾಡಿದಾಗ, ಆ ದನಿಯ ಗುರುತು ನನಗೇ ಸಿಗದಿದ್ದರೆ…